ಕೇಳುವವರ ಎದುರು ಕುಳಿತು

ಮಾಳವದ ಹಳ್ಳಿಗಳಲ್ಲಿ ಭಜನೆಯೆಂದರೆ ರಾತ್ರಿಯ ಕೆಲಸ. ಹಗಲೆಲ್ಲ ಹೊಲದಲ್ಲಿ ದುಡಿದವರು ಊಟ ಮುಗಿಸಿಕೊಂಡು ಯಾರದಾದರೂ ಅಂಗಳದಲ್ಲಿ ಸೇರುತ್ತಾರೆ. ಜಮಖಾನ ಹಾಸುತ್ತಾರೆ. ತಂಬೂರಿ, ಢೋಲಕ್, ಮಂಜೀರಗಳು ಬರುತ್ತವೆ. ವೇದಿಕೆಯೆಂಬುದು ಬೇಕಾಗಿಲ್ಲ, ಹಾಡುವವರ ಮೊಣಕಾಲಿಗೂ ಕೇಳುವವರ ಮೊಣಕಾಲಿಗೂ ನಡುವೆ ಒಂದು ಮೊಳದ ಅಂತರವಿದ್ದರೆ ಹೆಚ್ಚು. ಈಗ ಕೇಳುತ್ತಿದ್ದವನೇ ಸ್ವಲ್ಪ ಹೊತ್ತಿನ ಮೇಲೆ ತಂಬೂರಿ ಎತ್ತಿಕೊಂಡು ಹಾಡುವವನಾಗುತ್ತಾನೆ. ಕಬೀರನ ಪದಗಳು ಗ್ರಂಥಗಳಲ್ಲಿ ಉಳಿದಿರುವಷ್ಟೇ ಇಂಥ ಅಂಗಳಗಳಲ್ಲಿಯೂ ಬಾಯಿಂದ ಬಾಯಿಗೆ ಉಳಿದು ಬಂದಿವೆ. ನಮ್ಮ ತತ್ತ್ವಪದಕಾರರ ರಾತ್ರಿಗಳನ್ನು ಬಲ್ಲ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕನ್ನಡಿಗರಿಗೆ ಆ ನೆಲದ ನಂಟು ಇನ್ನೊಂದು ಬಗೆಯಿಂದಲೂ ಇದೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಾಳಿಮಠರು, ಅಂದರೆ ಕುಮಾರ ಗಂಧರ್ವರು, ಕ್ಷಯರೋಗದ ನಿಮಿತ್ತ ಹವೆಯ ಬದಲಾವಣೆಗಾಗಿ 1948ರಲ್ಲಿ ಮಾಳವದ ದೇವಾಸಕ್ಕೆ ಹೋಗಿ ನೆಲೆಸಿದರು. ಹಾಡಲಾಗದೆ ಹಾಸಿಗೆ ಹಿಡಿದ ಆ ವರ್ಷಗಳಲ್ಲಿ ಅಷ್ಟು ದೊಡ್ಡ ಗಾಯಕರು ಬರಿಯ ಕೇಳುಗರಾಗಿದ್ದರು. ಬೀದಿಯಲ್ಲಿ ಹಾಡಿಕೊಂಡು ಹೋಗುವ ಜೋಗಿಗಳ ದನಿ ಅವರ ಕಿವಿಯಲ್ಲಿ ನಿಂತಿತು; ಮುಂದೆ ದೇಶವೆಲ್ಲ ತಲೆದೂಗಿದ ಅವರ ನಿರ್ಗುಣ ಭಜನೆಗಳ ಬೇರು ಅಲ್ಲಿದೆ.

ಅದೇ ಮಾಳವದ ಲುನಿಯಾಖೇಡಿ ಎಂಬ ಸಣ್ಣ ಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದವರು ಪ್ರಹ್ಲಾದ್ ಸಿಂಗ್ ಟಿಪಾನಿಯಾ. ದಲಿತ ಕುಟುಂಬದವರು, ವೃತ್ತಿಯಿಂದ ಸರಕಾರಿ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತಿದ್ದ ಮಾಸ್ತರರು. ಹರೆಯದಲ್ಲಿ ಅವರನ್ನು ಮೊದಲು ಸೆಳೆದದ್ದು ಕಬೀರನಲ್ಲ, ಐದು ತಂತಿಯ ತಂಬೂರಿಯ ನಾದ. ತಂಬೂರಿ ಕಲಿಯಹೋದವರಿಗೆ ಪದಗಳು ಸಿಕ್ಕವು. ಪದಗಳ ಬೆನ್ನು ಹತ್ತಿ ಅರ್ಥ ಬಂದಿತು. ಬಳಿಕ ಊರಿಂದೂರಿಗೆ ಹಾಡುತ್ತ ಹೋದರು. ಶಾಲೆಯನ್ನೂ ಬಿಡಲಿಲ್ಲ, ತಂಬೂರಿಯನ್ನೂ ಬಿಡಲಿಲ್ಲ.

ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಕರತಾಳ ಹಿಡಿದು ಹಾಡುವ ಟಿಪಾನಿಯಾ ನಡುನಡುವೆ ನಿಲ್ಲಿಸಿ ಮಾತನಾಡುತ್ತಾರೆ. ಈ ಸಾಲಿನ ಅರ್ಥವೇನು, ಇದು ಯಾರಿಗೆ ಹೇಳಿದ್ದು, ನಮ್ಮ ಮನೆಯಲ್ಲಿ ಇದು ನಡೆಯುತ್ತಿದೆಯೆ ಎಂದು ಲೆಕ್ಕ ಬಿಡಿಸುವ ಮಾಸ್ತರರ ಧಾಟಿಯಲ್ಲಿಯೇ ವಿವರಿಸುತ್ತಾರೆ. ಸಂಗೀತದ ರಸಿಕರಲ್ಲಿ ಕೆಲವರಿಗೆ ಇದು ರಸಭಂಗವೆನಿಸಬಹುದು. ಆದರೆ ಈ ಮಾತೇ ಆ ಗಾಯನದ ಜೀವ. ರಾಗದಲ್ಲಿ ತೇಲಿಹೋಗುತ್ತಿರುವ ಕೇಳುಗನನ್ನು ಅದು ಮತ್ತೆ ಜಮಖಾನದ ಮೇಲೆ ತಂದು ಕೂರಿಸುತ್ತದೆ. ಸಾವಿರಾರು ಜನರ ಸಭೆಯಲ್ಲಿ ಇಂಥ ಪ್ರಶ್ನೆ ಯಾರಿಗೂ ತಾಗದೆ ಮೇಲೆ ಹಾರಿಹೋಗುವುದುಂಟು. ನಲವತ್ತು ಮಂದಿಯ ನಡುವೆ ಹಾಗಲ್ಲ. ಅಲ್ಲಿ ಪ್ರತಿಯೊಬ್ಬನ ಮುಖವೂ ಹಾಡುವವರಿಗೆ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಾಡುವವರ ಮುಖ ಅವರೆಲ್ಲರಿಗೂ ಕಾಣುತ್ತದೆ. ಕೇಳುವವನನ್ನು ‘ಶ್ರಾವಕ’ ಎಂದು ಕರೆದು, ಕೇಳುವುದನ್ನೇ ವ್ರತದ ಮೊದಲ ಮೆಟ್ಟಿಲಾಗಿಸಿದ ಪರಂಪರೆಯವರಿಗೆ ಈ ಸಾಮೀಪ್ಯದ ಬೆಲೆ ತಿಳಿಯದ್ದಲ್ಲ.

ಈ ಪ್ರಶ್ನೆಯನ್ನು ಗಾಯಕರ ಕಡೆಗೇ ತಿರುಗಿಸಿದ ಒಂದು ಪ್ರಯತ್ನವೂ ನಡೆಯಿತು. ಮಧ್ಯಪ್ರದೇಶದಲ್ಲಿ ಶಿಕ್ಷಣದ ಕೆಲಸ ಮಾಡುತ್ತಿದ್ದ ‘ಏಕಲವ್ಯ’ ಸಂಸ್ಥೆ 1991ರಲ್ಲಿ ದೇವಾಸದಲ್ಲಿ ‘ಕಬೀರ ಭಜನ ಏವಂ ವಿಚಾರ ಮಂಚ್’ ಎಂಬುದನ್ನು ಆರಂಭಿಸಿತು. ತಿಂಗಳಿಗೊಮ್ಮೆ ಹಳ್ಳಿಹಳ್ಳಿಯ ಭಜನಾ ಮಂಡಳಿಗಳು ಬಂದು ಹಾಡಬೇಕು. ಹಾಡಿದ ಮೇಲೆ ಹಾಡಿದ್ದರ ಬಗ್ಗೆ ಮಾತನಾಡಬೇಕು. ಜಾತಿಯನ್ನು ಹಳಿಯುವ ಪದ ಹಾಡಿದವರು ತಮ್ಮ ಊರಿನ ಬಾವಿಯ ಬಳಿ ಹೇಗೆ ನಡೆದುಕೊಳ್ಳುತ್ತಾರೆ? ಆಡಂಬರವನ್ನು ಬೈದವರ ಮನೆಯ ಮದುವೆ ಹೇಗೆ ನಡೆಯುತ್ತದೆ? ಇಂಥ ಪ್ರಶ್ನೆಗಳನ್ನು ತಾಳಿಕೊಳ್ಳುವುದು ಹಾಡುವುದಕ್ಕಿಂತ ಕಷ್ಟ. 1998ರವರೆಗೆ ನಡೆದ ಈ ಮಂಚ್‌ನ ಮುಖ್ಯ ಗಾಯಕರಲ್ಲಿ ಟಿಪಾನಿಯಾ ಒಬ್ಬರು.

ಆದರೆ ಕೇಳುಗರ ಪ್ರೀತಿಗೆ ಇನ್ನೊಂದು ಮುಖವಿದೆ. ಹತ್ತಿರ ಕುಳಿತು ಮನಸ್ಸನ್ನು ಕಲಕಿದವರನ್ನು ಜನ ಬಹುಕಾಲ ಹತ್ತಿರದಲ್ಲಿಯೇ ಇಟ್ಟುಕೊಳ್ಳುವುದಿಲ್ಲ. ಮೊದಲು ಕಾಲು ಮುಟ್ಟುತ್ತಾರೆ. ಆಮೇಲೆ ಗದ್ದುಗೆ ಹಾಕುತ್ತಾರೆ. ಟಿಪಾನಿಯಾ ಕಬೀರ ಪಂಥದ ಮಹಂತರಾದರು. ತೆಂಗಿನಕಾಯಿ, ವೀಳ್ಯದೆಲೆಗಳೊಂದಿಗೆ ವಿಧಿವತ್ತಾಗಿ ನಡೆಯುವ ‘ಚೌಕಾ ಆರತಿ’ಯಲ್ಲಿ ಪೀಠದ ಮೇಲೆ ಕುಳಿತರು. ವಿಧಿಗಳನ್ನೆಲ್ಲ ಪ್ರಶ್ನಿಸಿದ ಕವಿಯ ಹೆಸರಿನಲ್ಲಿಯೇ ವಿಧಿ. ಅದನ್ನು ನಡೆಸುವವರು ಅವನ ಪದಗಳನ್ನು ಊರೂರಿಗೆ ಹೊತ್ತ ಗಾಯಕರೇ! ಮಂಚ್‌ನ ಗೆಳೆಯರಿಗೆ ಇದು ನೋವಿನ ಸಂಗತಿಯಾಯಿತು. ಪಂಥದೊಳಗೆ ಹೋದರೆ ಇನ್ನೂ ಹೆಚ್ಚು ಜನರನ್ನು ಮುಟ್ಟಬಹುದೆಂಬ ವಾದಕ್ಕೂ ತೂಕವಿಲ್ಲದಿಲ್ಲ. ಶತಮಾನಗಳ ಕಾಲ ಪೀಠದಿಂದ ದೂರವಿಡಲ್ಪಟ್ಟ ಸಮುದಾಯದ ಒಬ್ಬರು ಪೀಠವೇರಿದಾಗ, ಹುಟ್ಟಿನಿಂದಲೇ ಮರ್ಯಾದೆ ಪಡೆದವರು ‘ಇಳಿಯಿರಿ’ ಎನ್ನುವುದು ಅಷ್ಟೇನೂ ಶೋಭಿಸದು. ಆದರೂ ಪೀಠದ ಮೇಲಿನಿಂದ ಹಾಡಿದಾಗ ಎದುರಿಗಿದ್ದವನು ‘ಇದು ನಿಮ್ಮ ಮನೆಯಲ್ಲಿ ನಡೆಯುತ್ತಿದೆಯೆ?’ ಎಂದು ಕೇಳುವುದು ನಿಂತುಹೋಗುತ್ತದೆ. ನಷ್ಟ ಅಲ್ಲಿರುವುದು.

ಈ ಇಬ್ಬಂದಿಯನ್ನು ಮುಚ್ಚಿಡದೆ ತೋರಿಸಿದವರು ಬೆಂಗಳೂರಿನ ಶಬನಮ್ ವೀರಮಾನಿ. 2003ರಲ್ಲಿ ಇಲ್ಲಿನ ಸೃಷ್ಟಿ ಸಂಸ್ಥೆಯಲ್ಲಿ ಅವರು ತೊಡಗಿದ ಕಬೀರ ಯೋಜನೆಯಿಂದ ನಾಲ್ಕು ಸಾಕ್ಷ್ಯಚಿತ್ರಗಳು ಮೂಡಿದವು. ‘ಕಬೀರಾ ಖಡಾ ಬಾಜಾರ್ ಮೇ’ ಎಂಬುದರ ವಸ್ತು ಟಿಪಾನಿಯಾರ ಮಹಂತಿಕೆಯೇ. ಚಿತ್ರ ಯಾರ ಪರವಾಗಿಯೂ ತೀರ್ಪು ಕೊಡುವುದಿಲ್ಲ. ತಮ್ಮನ್ನೇ ಪರೀಕ್ಷೆಗೆ ಒಡ್ಡುವ ಚಿತ್ರಕ್ಕೆ ಗಾಯಕರು ಒಪ್ಪಿದ್ದು ಸಣ್ಣ ಮಾತಲ್ಲ. ಕ್ಯಾಮೆರಾ ಹಿಡಿದು ಹೋದ ವೀರಮಾನಿಯವರಾದರೋ ಕಾಲಕ್ರಮದಲ್ಲಿ ತಂಬೂರಿ ಕಲಿತು ತಾವೇ ಮಾಳವದ ಪದಗಳನ್ನು ಹಾಡತೊಡಗಿದರು.

ಮುಂದೆ ಟಿಪಾನಿಯಾ ಅಮೆರಿಕದವರೆಗೂ ಹಾಡುತ್ತ ಹೋದರು. 2011ರಲ್ಲಿ ಪದ್ಮಶ್ರೀ ಬಂದಿತು. ದೊಡ್ಡ ವೇದಿಕೆಗಳು ಬಂದವು. ಇಂಥ ಗಾಯಕರನ್ನು ಕರೆಸುವ ಟ್ರಸ್ಟುಗಳು ಶಾಲು, ಹಾರ, ಭಾಷಣಗಳಿಗೆ ಒಂದು ಗಂಟೆ ಕೊಟ್ಟು ಹಾಡಿಗೆ ಅರ್ಧ ಗಂಟೆ ಉಳಿಸುವುದು ಎಲ್ಲ ಊರುಗಳಲ್ಲಿಯೂ ಕಾಣುವ ದೃಶ್ಯ. ವೇದಿಕೆಯ ದೀಪಗಳು ಗಾಯಕರ ಕಣ್ಣಿಗೆ ಹೊಡೆಯುವಂತಿದ್ದರೆ ಕೇಳುವವರ ಮುಖ ಅವರಿಗೆ ಕಾಣುವುದೇ ಇಲ್ಲವೆಂಬುದೂ ಸಂಘಟಕರಿಗೆ ಹೊಳೆಯುವುದು ಅಪರೂಪ.

2019ರಲ್ಲಿ ಅವರು ದೇವಾಸ ಕ್ಷೇತ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಲೋಕಸಭೆಗೆ ನಿಂತು ಸೋತರು. ಹಾಡಿಗೆ ತಲೆದೂಗಿದ ಹಳ್ಳಿಗಳು ಮತವನ್ನು ಬೇರೆ ಲೆಕ್ಕದಲ್ಲಿ ಹಾಕಿದವು. ಸೋಲಿನ ನಂತರವೂ ಅವರು ಹಾಡುವುದನ್ನು ನಿಲ್ಲಿಸಲಿಲ್ಲ. ಎದುರಿಗೆ ಕುಳಿತವರಲ್ಲಿ ಯಾರು ಮತ ಕೊಟ್ಟರು, ಯಾರು ಕೊಡಲಿಲ್ಲ ಎಂದು ಹಾಡುವವರು ಕೇಳುವಂತಿಲ್ಲ. ಕುಳಿತವರು ಹೇಳಬೇಕಾಗಿಯೂ ಇಲ್ಲ.