ಮುಟ್ಟಿ ನೋಡುವ ಮನೆ

ಲಂಡನ್ ನಗರದ ಆಗ್ನೇಯಕ್ಕೆ ಫಾರೆಸ್ಟ್ ಹಿಲ್ ಎಂಬ ದಿಣ್ಣೆಯ ಬಡಾವಣೆಯೊಂದಿದೆ. ಅಲ್ಲಿ ಹೆದ್ದಾರಿಯ ಪಕ್ಕದಲ್ಲಿಯೇ ಒಂದು ಗಡಿಯಾರದ ಗೋಪುರ. ಬಳಿಯ ಗೋಡೆಯ ಮೇಲೆ ಲಕ್ಷಕ್ಕೂ ಮಿಕ್ಕ ಬಣ್ಣದ ಹರಳುಚೂರುಗಳನ್ನು ಜೋಡಿಸಿ ರಚಿಸಿದ ವಿಶಾಲವಾದ ಚಿತ್ರ. ಹಿಂಬದಿಗೆ ಹದಿನಾರು ಎಕರೆಯ ಉದ್ಯಾನ. ಇದೇ ಹಾರ್ನಿಮನ್ ವಸ್ತುಸಂಗ್ರಹಾಲಯ. ಲಂಡನ್ನಿನಲ್ಲಿ ಇದಕ್ಕಿಂತ ದೊಡ್ಡವೂ ಹೆಚ್ಚು ಹೆಸರಾದವೂ ಆದ ಸಂಗ್ರಹಾಲಯಗಳು ಹಲವಿವೆ. ಆದರೆ ಉಪಾಧ್ಯಾಯಿನಿಯ ಬೆನ್ನ ಹಿಂದೆ ಸಾಲುಗಟ್ಟಿ ಬರುವ ಪ್ರಾಥಮಿಕ ಶಾಲೆಯ ಪುಟಾಣಿಗಳಿಗೆ ಈ ಮನೆಯ ಮೇಲಿರುವ ಸಲಿಗೆಯೇ ಬೇರೆ.

ಇದನ್ನು ಕಟ್ಟಿಸಿದವರು ಫ್ರೆಡರಿಕ್ ಹಾರ್ನಿಮನ್ ಎಂಬ ಚಹದ ವರ್ತಕರು. ಮುಂಬಯಿಯ ಹಾರ್ನಿಮನ್ ವೃತ್ತಕ್ಕೆ ಹೆಸರಿತ್ತ ಪತ್ರಿಕೋದ್ಯಮಿ ಬಿ. ಜಿ. ಹಾರ್ನಿಮನ್ ಬೇರೆ, ಇವರು ಬೇರೆ. ಚಹದ ಸೊಪ್ಪಿಗೆ ಕಲಬೆರಕೆ ಸೇರಿಸಿ ಬಿಡಿಯಾಗಿ ಮಾರುತ್ತಿದ್ದ ಕಾಲದಲ್ಲಿ ಇವರ ತಂದೆ ಜಾನ್ ಹಾರ್ನಿಮನ್ ಅದನ್ನು ಮೊಹರು ಮಾಡಿದ ಪೊಟ್ಟಣಗಳಲ್ಲಿ ಮಾರಿ ಶ್ರೀಮಂತರಾದರು. ಮಗನಿಗೆ ದೇಶವಿದೇಶಗಳ ವಸ್ತುಗಳನ್ನು ಕೂಡಿಹಾಕುವ ಗೀಳು. ಮುಖವಾಡ, ವಾದ್ಯ, ಆಯುಧ, ಚಿಟ್ಟೆ, ಪ್ರಾಣಿಗಳ ತೊಗಲು, ಹೀಗೆ ಮನೆಯೆಲ್ಲ ತುಂಬಿತು. 1890ರಲ್ಲಿ ಅವರು ಆ ಮನೆಯನ್ನೇ ಸಾರ್ವಜನಿಕರಿಗೆ ತೆರೆದರು. ಅದೂ ಸಾಲದಾದಾಗ ವಾಸ್ತುಶಿಲ್ಪಿ ಚಾರ್ಲ್ಸ್ ಹ್ಯಾರಿಸನ್ ಟೌನ್ಸೆಂಡರಿಂದ ಹೊಸ ಕಟ್ಟಡವನ್ನು ಕಟ್ಟಿಸಿ, 1901ರಲ್ಲಿ ಲಂಡನ್ನಿನ ಜನತೆಗೆ ಅರ್ಪಿಸಿದರು. ಇಂದು ಸಂಗ್ರಹದಲ್ಲಿರುವ ವಸ್ತುಗಳ ಸಂಖ್ಯೆ ಸುಮಾರು 3,50,000.

ಈ ಸಂಗ್ರಹದಲ್ಲಿ ಮಕ್ಕಳ ಮೆಚ್ಚಿನದೊಂದು ವಾಲ್ರಸ್. ಉತ್ತರ ಧ್ರುವದ ಕಡಲಿನಲ್ಲಿ ಬಾಳುವ, ಉದ್ದ ಕೋರೆಗಳ ಈ ಪ್ರಾಣಿಯ ಮೈತೊಗಲು ಮಡಿಕೆ ಮಡಿಕೆಯಾಗಿ ಜೋಲುವುದು ಸಹಜ. ಕೆನಡಾದ ಹಡ್ಸನ್ ಕೊಲ್ಲಿಯಿಂದ ಬಂದ ತೊಗಲಿಗೆ ಹೊಟ್ಟು ತುಂಬಿದ ಅಂದಿನ ಕುಶಲಿಗಳು ಜೀವಂತ ವಾಲ್ರಸನ್ನು ಕಂಡವರಲ್ಲ. ಸುಕ್ಕೆಲ್ಲ ಮಾಯವಾಗುವವರೆಗೆ ತುಂಬಿಯೇ ತುಂಬಿದರು! ಪರಿಣಾಮವಾಗಿ ಅದು ಊದಿದ ತಿತ್ತಿಯಂತೆ ನುಣ್ಣಗೆ ಉಬ್ಬಿ, ನೂರು ವರ್ಷಗಳಿಗೂ ಮಿಗಿಲಾಗಿ ಮಕ್ಕಳನ್ನು ನಗಿಸುತ್ತ ಬಂದಿದೆ. ನಗುವಿನೊಂದಿಗೆ ಒಂದು ಪಾಠವೂ ಅಲ್ಲಿದೆ. ಕಾಣದ ಪ್ರಾಣಿಯ ವಿಷಯದಲ್ಲಿ ಆದ ಪ್ರಮಾದ ಕಾಣದ ಜನಾಂಗಗಳ ವಿಷಯದಲ್ಲಿಯೂ ಆಗಬಾರದೇಕೆ? ಅರಿವು ಇಲ್ಲದೆಡೆ ಮನುಷ್ಯನು ಊಹೆಯನ್ನು ತುರುಕಿ ತುಂಬುತ್ತಾನೆ.

ಆ ಊಹೆಗೆ ಮದ್ದಾಗಿ ಈ ಸಂಗ್ರಹಾಲಯವು ಮಕ್ಕಳ ಕೈಗೇ ವಸ್ತುಗಳನ್ನು ಕೊಡುತ್ತದೆ. ಗಾಜಿನ ಪೆಟ್ಟಿಗೆಯೊಳಗಿನ ಪ್ರದರ್ಶನದಿಂದ ಬೇರೆಯಾಗಿ, ಮುಟ್ಟಿ ನೋಡುವುದಕ್ಕೆಂದೇ ಇರಿಸಿದ ಮೂರು ಸಾವಿರಕ್ಕೂ ಮಿಕ್ಕ ವಸ್ತುಗಳ ಭಂಡಾರ ಇಲ್ಲಿದೆ. ಮುಖವಾಡವನ್ನು ಮುಖಕ್ಕೆ ಹಿಡಿದು ನೋಡಬಹುದು. ಸೂತ್ರದ ಬೊಂಬೆಯನ್ನು ಕುಣಿಸಬಹುದು. ವಾದ್ಯವನ್ನು ಬಾರಿಸಿ ಅದರ ನಾದವನ್ನು ಕೇಳಬಹುದು. ಇಂತಹ ಕಮ್ಮಟಗಳಲ್ಲಿ ವಸ್ತುವಿನ ಹೆಸರಿಗಿಂತ ಪ್ರಶ್ನೆಗೆ ಮೊದಲ ಸ್ಥಾನ. ಇದು ಯಾವುದರಿಂದ ಆದುದು? ಭಾರವೇ, ಹಗುರವೇ? ಎಲ್ಲಿ ಸವೆದಿದೆ? ಸವೆಯಿಸಿದ ಕೈ ಯಾರದು? ಹೀಗೆ ಕೇಳುತ್ತ ಹೋದಂತೆ ಬುಟ್ಟಿಯ ಹಿಂದೆ ಹೆಣೆದವಳೂ, ಮದ್ದಲೆಯ ಹಿಂದೆ ಬಾರಿಸಿದವನೂ ಮಗುವಿನ ಕಣ್ಣ ಮುಂದೆ ಮೂಡುತ್ತಾರೆ. ಭೂಗೋಳದ ಪುಸ್ತಕದಲ್ಲಿ ಬರಿಯ ಹೆಸರಾಗಿದ್ದ ನಾಡಿನಲ್ಲಿ ತನ್ನಂತೆಯೇ ಉಂಡು, ಹಾಡಿ, ಹಬ್ಬ ಮಾಡುವ ಮಂದಿ ಇರುವರೆಂಬುದು ಕೈಯ ಮೂಲಕ ಮನಸ್ಸಿಗೆ ಇಳಿಯುತ್ತದೆ.

ಆದರೆ ಪ್ರಶ್ನೆ ಕೇಳಲು ಕಲಿತ ಮಗು ನಡುವೆಯೇ ನಿಲ್ಲುವುದಿಲ್ಲ. 'ಇದು ಇಲ್ಲಿಗೆ ಹೇಗೆ ಬಂತು?' ಎಂಬ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ಹಾರ್ನಿಮನ್ ಸಂಗ್ರಹದಲ್ಲಿದ್ದ 72 ವಸ್ತುಗಳ ಮಟ್ಟಿಗೆ ಅದಕ್ಕೆ ಉತ್ತರ ಕಹಿಯಾಗಿತ್ತು. ಇಂದಿನ ನೈಜೀರಿಯದ ದಕ್ಷಿಣದಲ್ಲಿ ಬೆನಿನ್ ಎಂಬ ಪ್ರಾಚೀನ ರಾಜ್ಯವಿತ್ತು. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳು ಚರಿತ್ರೆಯ ಪಾಠಕ್ಕೆ ಆರಿಸಿಕೊಳ್ಳಬಹುದಾದ ನಾಗರಿಕತೆಗಳಲ್ಲಿ ಅದೂ ಒಂದು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಪಡೆಗಳು ಬೆನಿನ್ ನಗರದ ಮೇಲೆರಗಿ, ಅರಮನೆಯನ್ನು ಸೂರೆ ಮಾಡಿ, ಸಾವಿರಾರು ಕಲಾಕೃತಿಗಳನ್ನು ಹೊತ್ತು ತಂದವು. ಅರಸ ಓವೊನ್ರಾಮ್ವೆನ್ ದೇಶಭ್ರಷ್ಟನಾದನು. ಆ ಕೊಳ್ಳೆಯ ಕೆಲವು ವಸ್ತುಗಳು ಅದೇ ವರ್ಷ ಹಾರ್ನಿಮನ್ನರ ಸಂಗ್ರಹವನ್ನು ಸೇರಿದುವು. ಹಿತ್ತಾಳೆಯ ಹನ್ನೆರಡು ಫಲಕಗಳು, ಒಂದು ಹಿತ್ತಾಳೆಯ ಹುಂಜ, ಗಂಟೆಗಳು, ದಂತದ ಕೆಲಸಗಳು, ಬೀಸಣಿಗೆ, ಬುಟ್ಟಿ ಮುಂತಾದವುಗಳ ಜೊತೆಗೆ ಅರಮನೆಯದೆನ್ನಲಾದ ಬೀಗದ ಕೈಯೊಂದೂ ಆ 72ರಲ್ಲಿತ್ತು. ಬೀಗ ಒಂದು ಖಂಡದಲ್ಲಿ, ಬೀಗದ ಕೈ ಮತ್ತೊಂದು ಖಂಡದ ಗಾಜಿನ ಪೆಟ್ಟಿಗೆಯಲ್ಲಿ!

2022ರ ಜನವರಿಯಲ್ಲಿ ನೈಜೀರಿಯದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಮತ್ತು ಸ್ಮಾರಕಗಳ ಆಯೋಗವು ತಮ್ಮ ವಸ್ತುಗಳನ್ನು ತಮಗೆ ಒಪ್ಪಿಸಬೇಕೆಂದು ಕೋರಿತು. ಹಾರ್ನಿಮನ್ ಸಂಗ್ರಹಾಲಯದ ಧರ್ಮದರ್ಶಿಗಳು ವಿದ್ವಾಂಸರನ್ನು ಕೇಳಿದರು, ಕಲಾವಿದರನ್ನು ಕೇಳಿದರು, ನೋಡಲು ಬರುವ ಜನರನ್ನು ಕೇಳಿದರು. ಅಷ್ಟಕ್ಕೇ ನಿಲ್ಲದೆ ಶಾಲಾಮಕ್ಕಳ ಅಭಿಪ್ರಾಯವನ್ನೂ ಕೇಳಿದರು. ರಾಷ್ಟ್ರಗಳ ನಡುವಣ ವ್ಯಾಜ್ಯದಲ್ಲಿ ಮಕ್ಕಳ ಮಾತಿಗೆ ಕಿವಿಗೊಡುವುದು ಸಾಮಾನ್ಯ ಸಂಗತಿಯಲ್ಲ. ಅದೇ ವರ್ಷದ ಆಗಸ್ಟಿನಲ್ಲಿ 72 ವಸ್ತುಗಳ ಒಡೆತನವನ್ನೂ ನೈಜೀರಿಯಕ್ಕೆ ಬಿಟ್ಟುಕೊಡುವ ನಿರ್ಧಾರ ಹೊರಬಿತ್ತು. ನವೆಂಬರಿನಲ್ಲಿ ಸಂಗ್ರಹಾಲಯದಲ್ಲಿಯೇ ಹಸ್ತಾಂತರದ ಸಮಾರಂಭ ನಡೆದು, ಆರು ವಸ್ತುಗಳು ಮೊದಲಿಗೆ ಒಪ್ಪಿಸಲ್ಪಟ್ಟುವು. ಉಳಿದವು ನೈಜೀರಿಯದ ಒಪ್ಪಿಗೆಯಿಂದ ಎರವಲಿನ ರೂಪದಲ್ಲಿ ಅಲ್ಲಿ ನಿಂತವು. ನಿನ್ನೆಯವರೆಗೆ ಒಡೆಯನಾಗಿದ್ದ ಸಂಸ್ಥೆ ಅಂದು ಎರವಲು ಪಡೆದವನಾಯಿತು. ಇದರಿಂದ ಅದರ ಮಾನ ಕುಗ್ಗಲಿಲ್ಲ, ಹೆಚ್ಚಿತು.

ಪರರ ವಸ್ತುವನ್ನು ಕೈಗೆತ್ತಿಕೊಂಡು ನೋಡುವ ಕುತೂಹಲವನ್ನೂ, ನೋಡಿದ ಬಳಿಕ ಜೋಪಾನವಾಗಿ ಹಿಂದಿರುಗಿಸುವ ಸೌಜನ್ಯವನ್ನೂ ಕಮ್ಮಟಕ್ಕೆ ಬಂದ ಮಕ್ಕಳೆಲ್ಲರೂ ಒಟ್ಟಿಗೆ ಕಲಿಯುತ್ತಾರೆ. ಅವರಿಗೆ ಒಂದು ಬೆಳಗಿನಲ್ಲಿ ತಿಳಿಯುವ ಈ ಮಾತು ಹಿರಿಯರಿಗೆ ತಿಳಿಯಲು 125 ವರ್ಷಗಳು ಹಿಡಿದುವು.