ತಣ್ಣಗಿರುವ ಕಬ್ಬಿಣ

ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇದೆ. ಮುಚ್ಚಳ ತೆಗೆದರೆ ಒಳಗೆ ಬಗ್ಗಿದ ಕಬ್ಬಿಣ. ತಳದಲ್ಲಿರುವ ಕಂಬಿಯ ತುಂಡುಗಳು ಬಿಲ್ಲಿನ ಹಾಗೆ ಅರ್ಧಂಬರ್ಧ ಬಾಗಿವೆ. ಮೇಲಕ್ಕೆ ಬಂದಂತೆ ಕುದುರೆ ಲಾಳದ ಆಕಾರ. ತೀರಾ ಮೇಲಿನವು ಇಕ್ಕಳದಂತೆ ತುದಿಗೆ ತುದಿ ಹತ್ತಿರ ಬಂದಿವೆ. ಒಂದೊಂದಕ್ಕೂ ದಾರ ಕಟ್ಟಿ ಚೀಟಿಯಲ್ಲಿ ತಾರೀಖು ಬರೆದಿದ್ದೇನೆ. ಎಲ್ಲವೂ ಸಲಾಕೆಯಿಲ್ಲದೆ, ಯಂತ್ರವಿಲ್ಲದೆ, ಎರಡು ಕೈಯಿಂದ ಬಗ್ಗಿಸಿದ್ದು. ನಾಲ್ಕು ವರ್ಷದ ನನ್ನ ದಿನಚರಿ ಆ ಡಬ್ಬಿಯಲ್ಲಿದೆ.

ಬಸರಾಳಿನಲ್ಲಿ ಕಬ್ಬಿಣ, ಸಿಮೆಂಟು ಮಾರುವುದು ನನ್ನ ಕಸುಬು. ಮಂಡ್ಯದ ಕಡೆಯಿಂದ ಲೋಡು ಬರುತ್ತದೆ. 12 ಮೀಟರ್, ಅಂದರೆ ಹತ್ತಿರಹತ್ತಿರ 40 ಅಡಿಯ ಕಂಬಿ ಲಾರಿಗೆ ಹಿಡಿಸುವುದಿಲ್ಲ. ನಡುವಿಗೆ ಬಗ್ಗಿಸಿ ಎರಡು ಮಡಿ ಮಾಡಿ ಕಳಿಸುತ್ತಾರೆ. ಇಪ್ಪತ್ತು ವರ್ಷ ಆ ಕಟ್ಟುಗಳನ್ನು ಎಣಿಸಿ ಇಳಿಸಿಕೊಂಡಿದ್ದೇನೆ. ಆ ಬಗ್ಗಿದ ನಡುವಿನ ಮೇಲೆ ಒಂದು ದಿನವೂ ಬೆರಳಾಡಿಸಿ ನೋಡಿರಲಿಲ್ಲ.

ಪಕ್ಕದ ಬೀದಿಯಲ್ಲಿ ಒಂದು ಮನೆ ಏಳುತ್ತಿತ್ತು. ಬಾಕಿ ಲೆಕ್ಕ ಕೇಳಲು ಹೋದೆ. ಕಂಬಿ ಮೇಸ್ತ್ರಿ ರಿಂಗು ಮಾಡುತ್ತ ಕೂತಿದ್ದರು. ಹಲಗೆಗೆ ಮೊಳೆ ಹೊಡೆದು, ಸಂದಿಗೆ ಕಂಬಿ ತೂರಿಸಿ, ಸಲಾಕೆಯಿಂದ ಒಂದೊಂದೇ ಮೂಲೆ ತಿರುಗಿಸಿ ಚೌಕ ಮಾಡುವ ಕೆಲಸ. ಅರವತ್ತು ದಾಟಿದ ವಯಸ್ಸು, ಸಣಕಲು ಮೈ. ನನ್ನ ಜೊತೆ ಮಾತಾಡುತ್ತಲೇ ಕಾಲ ಬಳಿ ಬಿದ್ದಿದ್ದ ಗೇಣುದ್ದದ 6 ಎಂ.ಎಂ. ತುಂಡನ್ನು ಎತ್ತಿಕೊಂಡರು. ಹೆಗಲ ಮೇಲಿನ ಟವಲಿನಲ್ಲಿ ಸುತ್ತಿ, ಗದ್ದದ ಕೆಳಗೆ ಹಿಡಿದು, ಒಂದೇ ಉಸಿರಿಗೆ ಮಡಿಚಿ ನನ್ನ ಕೈಗಿಟ್ಟರು. ಬಗ್ಗಿದ ಜಾಗ ಬೆಚ್ಚಗಿತ್ತು. ಆಗ ತಾನೇ ಹುಟ್ಟಿದ ಕರುವಿನ ಕಿವಿ ಮುಟ್ಟಿದ ಹಾಗೆ.

‘ಹೆಂಗ್ ಮೇಸ್ತ್ರಿ ಇದು?’

‘ಕೈಲಿ ಬಗ್ಸುದ್ರೆ ಬಗ್ಗಕಿಲ್ಲ ಸಾವ್ಕಾರ್ರೇ. ಮೈಲಿ ಬಗ್ಸ್ಬೇಕು. ಕೈ ಇರಾದು ಹಿಡ್ಕಳಕೆ ಅಷ್ಟೆಯಾ.’

ಆ ಬಿಸುಪು ರಾತ್ರಿಯೆಲ್ಲ ಅಂಗೈಯಲ್ಲೇ ಇದ್ದಂತಿತ್ತು. ಮಾರನೆಯ ಬೆಳಿಗ್ಗೆ ಅಂಗಡಿ ತೆಗೆದವನು ಮಾಡಿದ ಮೊದಲ ಕೆಲಸ, ಆರಿಂಚಿನ ಮೊಳೆಯೊಂದನ್ನು ಬಟ್ಟೆಯಲ್ಲಿ ಸುತ್ತಿ ಗದ್ದದ ಕೆಳಗೆ ಹಿಡಿದದ್ದು. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಆಗ ನನಗೆ ನಲವತ್ಮೂರು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಮನೆಯಲ್ಲಿ ಅಂದರು. ಕಬ್ಬಿಣ ಕಾದಾಗ ಬಡಿಯಬೇಕು ಎಂಬ ಇನ್ನೊಂದು ಗಾದೆಯೂ ಇದೆ. ಕಾದಾಗ ಬಡಿಯುವುದು ಕಮ್ಮಾರನ ವಿದ್ಯೆ. ತಣ್ಣಗಿರುವಾಗಲೇ ಮಣಿಸುವುದು ಬೇರೆಯದೇ ವಿದ್ಯೆ, ಅದು ನನಗೆ ಬೇಕಿತ್ತು.

ಮೊಳೆ ಹಿಡಿದದ್ದೇ ತಪ್ಪು ಎಂದು ಮೇಸ್ತ್ರಿ ನಕ್ಕರು. ಅದರ ಕಾರಣ ನನಗೆ ಅರ್ಥವಾದದ್ದು ಆಮೇಲೆ. ಮೊಳೆಯ ತಂತಿಯನ್ನು ತಣ್ಣಗಿರುವಾಗಲೇ ಅಚ್ಚಿನ ತೂತಿನಲ್ಲಿ ಎಳೆದೆಳೆದು ಸಣ್ಣ ಮಾಡಿರುತ್ತಾರೆ. ಎಳೆದಷ್ಟೂ ಅದು ಬಿಗಿಯುತ್ತದೆ. ಮನೆ ಕಟ್ಟಲು ಮಾರುವ ಟಿಎಂಟಿ ಕಂಬಿಯೂ ಹೊಸಬರಿಗೆ ಸಲ್ಲ. ಕೆಂಪಗೆ ಕಾದು ಉರುಳೆಯಿಂದ ಬರುವ ಆ ಕಂಬಿಯ ಮೇಲೆ ನೀರು ಚಿಮ್ಮಿಸಿ ಹೊರಮೈಯನ್ನು ತಟ್ಟನೆ ತಣಿಸುತ್ತಾರೆ. ಹೊರಗೆ ಗಟ್ಟಿ ಚಿಪ್ಪು, ಒಳಗೆ ಮೆದು ತಿರುಳು. ಎಫ್‌ಇ 500 ಎಂದು ಅದರ ಮೇಲಿರುವ ಗುರುತು, ಒಂದು ಚದರ ಮಿಲಿಮೀಟರಿಗೆ 500 ನ್ಯೂಟನ್ ಬಲ ಬೀಳುವವರೆಗೂ ಅದು ಮಣಿಯಬಾರದು ಎಂಬ ಮಾತು. ಹಳೇ ಕಾಲದ ನುಣ್ಣನೆ ಕಂಬಿಗೆ ಆ ಲೆಕ್ಕ 250. ಟಿಎಂಟಿಯ ಮೈಮೇಲಿನ ಏಣುಗಳು ಅಂಗೈಯನ್ನೂ ಕೊರೆಯುತ್ತವೆ. ಆದ್ದರಿಂದ ಕಲಿಯುವವರಿಗೆ ನುಣ್ಣನೆಯ 6 ಎಂ.ಎಂ. ಕಂಬಿ, ಮುಕ್ಕಾಲಡಿ ಉದ್ದ. ತುಂಡು ಉದ್ದವಿದ್ದಷ್ಟೂ ಕೈಗೆ ಹಿಡಿತದ ಅನುಕೂಲ. ಒಂದಿಂಚು ಕತ್ತರಿಸಿದರೆ ಅದೇ ಕಂಬಿ ಬೇರೆ ಕಂಬಿಯಾಗುತ್ತದೆ.

ಕಂಬಿಯ ತೂಕ ನಮಗೆ ಬಾಯಿಪಾಠ: ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಬರುತ್ತದೆ. ಬಗ್ಗಿಸುವಾಗಿನ ಲೆಕ್ಕ ಬೇರೆ. ತೂಕ ವ್ಯಾಸದ ವರ್ಗದಂತೆ ಏರಿದರೆ, ಬಗ್ಗದೆ ನಿಲ್ಲುವ ಬಲ ವ್ಯಾಸದ ಘನದಂತೆ ಏರುತ್ತದೆ. ಆರರ ಘನ 216, ಎಂಟರ ಘನ 512. ಎರಡೇ ಎರಡು ಎಂ.ಎಂ. ದಪ್ಪವಾದರೆ ಕೈಗೆ ಬೇಕಾದ ಬಲ ಎರಡೂಕಾಲು ಪಟ್ಟಿಗಿಂತ ಹೆಚ್ಚು. ಅಂಗಡಿಯಲ್ಲಿ ಕೂತು ಈ ಲೆಕ್ಕ ಹಾಕಿದ ದಿನ ಕಬ್ಬಿಣದ ಮೇಲೆ ಹೊಸ ಗೌರವ ಹುಟ್ಟಿತು.

ಹಿಡಿಯುವ ರೀತಿ ಹೇಳುತ್ತೇನೆ. ಎರಡು ತುಂಡು ದಪ್ಪ ಚರ್ಮ ಬೇಕು. ನನ್ನದನ್ನು ಮಂಡ್ಯದಲ್ಲಿ ಎಕ್ಕಡ ಹೊಲಿಯುವವರ ಹತ್ತಿರ ತಂದೆ. ಕಂಬಿಯ ಎರಡು ತುದಿಗೂ ಬಿಗಿಯಾಗಿ ಸುತ್ತಿ, ನಡುವೆ ಸ್ವಲ್ಪ ಬರಿಮೈ ಬಿಡಬೇಕು. ಎರಡು ಅಂಗೈಯೂ ಕೆಳಮುಖ. ಕಂಬಿ ಗದ್ದದ ಕೆಳಗೆ, ಮೊಣಕೈ ಪಕ್ಕೆಗೆ ಒತ್ತಿರಬೇಕು, ಹೆಬ್ಬೆರಳು ತೋರುಬೆರಳು ನಡುವಿನ ಹತ್ತಿರ. ಉಸಿರು ತುಂಬಿಕೊಂಡು, ಕಿರುಬೆರಳಿನ ಕಡೆಯ ತುದಿಗಳನ್ನು ನೆಲಕ್ಕೆ ಅದುಮುವ ಹಾಗೆ ಮಣಿಕಟ್ಟು ತಿರುಗಿಸಬೇಕು. ತೋಳಿನ ಕೆಲಸ ಎಂದುಕೊಂಡವರು ಇಲ್ಲೇ ಸೋಲುತ್ತಾರೆ. ಬಲ ಬೆನ್ನಿನ ಪಟ್ಟಿಗಳಲ್ಲಿ ಹುಟ್ಟಿ, ಎದೆಯಲ್ಲಿ ಕೂಡಿ, ಮಣಿಕಟ್ಟಿನ ಮೂಲಕ ಹೊರಡಬೇಕು. ಮೇಸ್ತ್ರಿ ಹೇಳಿದ ‘ಮೈ’ ಇದು.

ಕನ್ನಡದಲ್ಲಿ ಈ ಕೆಲಸದ ಒಂದೊಂದು ಹಂತಕ್ಕೂ ಒಂದೊಂದು ಮಾತು ಮೊದಲೇ ಸಿದ್ಧವಾಗಿದೆ. ಬಾಗುವುದು, ಮಣಿಯುವುದು, ಬಗ್ಗುವುದು, ಮಡಿಯುವುದು ಎಂದು ನಾವು ಸುಮ್ಮನೆ ಬೇರೆಬೇರೆ ಪದ ಇಟ್ಟುಕೊಂಡಿಲ್ಲ. ಮೊದಲು ಕಂಬಿ ಬಾಗುತ್ತದೆ. ಕೈಬಿಟ್ಟರೆ ನೆಟ್ಟಗಾಗುತ್ತದೆ, ನೀವು ಏನೂ ಮಾಡಿಲ್ಲವೆಂಬಂತೆ. ಒತ್ತಡ ಏರಿಸುತ್ತ ಹೋದರೆ ಒಂದು ಗಳಿಗೆಯಲ್ಲಿ ಅದು ಮಣಿಯುತ್ತದೆ. ಮೆದು ಉಕ್ಕಿನ ಗುಣವೇ ಹಾಗೆ. ಮಣಿಯುವ ಮುನ್ನ ತುಸು ಹೆಚ್ಚು ಬಲ ಬೇಡುತ್ತದೆ, ಮಣಿದೊಡನೆ ಸಡಿಲುತ್ತದೆ. ಕೈಗೆ ಅದು ಕೇಳಿಸುತ್ತದೆ ಎಂದೇ ಹೇಳಬೇಕು. ಅಲ್ಲಿಂದ ಮುಂದೆ ಬಗ್ಗಿಸುವುದು: ಎರಡು ತುದಿಯನ್ನೂ ಒಂದನ್ನೊಂದು ನೋಡುವಂತೆ ತರುವುದು. ಕೊನೆಗೆ ಮಡಿಚುವುದು: ಎರಡು ಅಂಗೈ ಹೆಣೆದು, ಎದೆಗೆ ಆನಿಸಿ, ತುದಿಗಳ ನಡುವೆ ಎರಡಿಂಚು ಉಳಿಯುವವರೆಗೆ ಹಿಂಡುವುದು.

ನಾನು ಈ ಎಲ್ಲವನ್ನೂ ಮಾಡುವುದು ಆ ಮಣಿಯುವ ಒಂದು ಗಳಿಗೆಗಾಗಿ. ಮುಕ್ಕಾಲಡಿ ಕಂಬಿ ಮೂರನೆಯ ವಾರದಲ್ಲಿ ಮಣಿಯಿತು. ಬೆಳಗಿನ ಆರು ಗಂಟೆ, ಶಟರು ಅರ್ಧ ಎತ್ತಿತ್ತು. ಹಾಲಿನವನ ಸೈಕಲ್ಲು ಹಾದುಹೋದ ಸದ್ದು, ಆಮೇಲೆ ಅಂಗೈಯೊಳಗೆ ಬೆಣ್ಣೆಯ ಗಟ್ಟಿಗೆ ಚಾಕು ಇಳಿದಂಥ ಒಂದು ಜಾರು. ಮುಂದಕ್ಕೆ ಬಗ್ಗಿಸಲು ಆಗಲಿಲ್ಲ. ಚರ್ಮ ಬಿಚ್ಚಿ ನೋಡಿದರೆ, ನೆಟ್ಟಗಿದ್ದ ಕಂಬಿಯ ನಡುವೆ ಹುಬ್ಬಿನಷ್ಟು ತಿರುವು. ಡಬ್ಬಿಯ ತಳದಲ್ಲಿರುವುದು ಅದೇ.

ಮಣಿದ ಮೇಲೆ ತಡಮಾಡಬಾರದು. ಬಗ್ಗಿದ ಜಾಗ ಬಿಸಿಯಾಗಿರುವಾಗ ಮುಂದುವರಿದರೆ ಸರಿ. ನಿಲ್ಲಿಸಿ ನಾಳೆ ನೋಡೋಣವೆಂದರೆ ಆ ಜಾಗವೇ ಬಿಗಿದು ಗಟ್ಟಿಯಾಗಿರುತ್ತದೆ. ಬಗ್ಗಿದ ಕಂಬಿಯನ್ನು ನೆಟ್ಟಗೆ ಮಾಡಲು ಹೋಗಿ ನೋಡಿ, ಹಳೇ ತಿರುವು ಹಾಗೇ ಉಳಿದು ಅದರ ಅಕ್ಕಪಕ್ಕ ಹೊಸ ತಿರುವು ಬೀಳುತ್ತದೆ. ಕಂಬಿ ಕೆಲಸದವರಿಗೆಲ್ಲ ಗೊತ್ತಿರುವ ಸಂಗತಿ.

ಕೊನೆಯ ಹಿಂಡುವ ಹಂತದಲ್ಲಿ ನನಗೆ ನೆನಪಾಗುವುದು ಧೃತರಾಷ್ಟ್ರ. ಯುದ್ಧ ಮುಗಿದ ಮೇಲೆ ಭೀಮನನ್ನು ತಬ್ಬಲು ಕೈಚಾಚಿದ ಅವನ ಮುಂದೆ ಕೃಷ್ಣ ಉಕ್ಕಿನ ಭೀಮನನ್ನು ನಿಲ್ಲಿಸಿದ. ಮುದುಕ ಅದನ್ನು ಅಪ್ಪಿ ನುಗ್ಗುನುರಿ ಮಾಡಿದ. ‘ಧೃತರಾಷ್ಟ್ರಾಲಿಂಗನ’ ಎಂದು ನಾವು ಮಾತಿಗೆ ಬಳಸುತ್ತೇವೆ, ಆ ಕಥೆಯ ಇನ್ನೊಂದು ಭಾಗವನ್ನು ಮರೆಯುತ್ತೇವೆ. ಉಕ್ಕು ಮುರಿದಾಗ ಅವನ ಎದೆಯೂ ನಜ್ಜಿ ಬಾಯಿಂದ ರಕ್ತ ಬಂತು.

ಕಬ್ಬಿಣ ತಿರುಗಿ ಪೆಟ್ಟು ಕೊಡುತ್ತದೆ. ಮೊದಲ ಗೆಲುವಿನ ಹುರುಪಿನಲ್ಲಿ ನಾನು ದಿನಾ ಬಗ್ಗಿಸಿದೆ. ಒಂದು ತಿಂಗಳಿಗೆ ಮೊಣಕೈಯ ಒಳಬದಿ ಉರಿಯತೊಡಗಿತು, ನೀರಿನ ಲೋಟ ಎತ್ತಲೂ ನೋವು. ಎರಡು ತಿಂಗಳು ಎಲ್ಲ ಬಿಟ್ಟು ಕೂತೆ. ಮಾಂಸಖಂಡ ವಾರಗಳಲ್ಲಿ ಬೆಳೆಯುತ್ತದೆ, ಅದನ್ನು ಮೂಳೆಗೆ ಬಿಗಿದ ಸ್ನಾಯುರಜ್ಜುವಿಗೆ ತಿಂಗಳುಗಳು ಬೇಕು. ಈಗ ವಾರಕ್ಕೆ ಎರಡೇ ದಿನ. ಮಿಕ್ಕ ದಿನ ದಂಡ ಹೊಡೆಯುತ್ತೇನೆ, ಬಸ್ಕಿ ತೆಗೆಯುತ್ತೇನೆ. ಬಕೆಟ್ಟಿನ ತುಂಬ ರಾಗಿ ಹಾಕಿ, ಮುಷ್ಟಿ ಇಳಿಸಿ, ಒಳಗೇ ಬೆರಳು ಬಿಚ್ಚಿ ಮುಚ್ಚಿ ಮಾಡುತ್ತೇನೆ. ಹೊರದೇಶದವರು ಇದಕ್ಕೆ ಅಕ್ಕಿ ಬಳಸುತ್ತಾರೆ. ರಾಗಿ ಇನ್ನೂ ಮೇಲು, ಕಾಳು ಸಣ್ಣದು, ಬೆರಳ ಸಂದಿಯೆಲ್ಲ ಹಿಡಿಯುತ್ತದೆ.

ಅಲೆಕ್ಸಾಂಡರ್ ಜಾಸ್ ಎಂಬ ರಷ್ಯಾದ ಬಲಶಾಲಿಯ ಕಥೆ ನನಗೆ ಬಹಳ ಪ್ರಿಯ. ಮೊದಲನೇ ಮಹಾಯುದ್ಧದಲ್ಲಿ ಆಸ್ಟ್ರಿಯನ್ನರಿಗೆ ಸೆರೆಸಿಕ್ಕ. ಎತ್ತಲು ಭಾರವಿಲ್ಲ, ತಿನ್ನಲು ಹೊಟ್ಟೆ ತುಂಬ ಊಟವಿಲ್ಲ. ಬಗ್ಗದ ಸರಳುಗಳನ್ನೂ ಹರಿಯದ ಸರಪಳಿಗಳನ್ನೂ ಹಿಡಿದು ಬಲ ಹಾಕುತ್ತಲೇ ಮೈ ಕಟ್ಟಿದ. ಆಮೇಲೆ ಲಂಡನ್ನಿನ ರಂಗಮಂದಿರಗಳಲ್ಲಿ ಸರಳು ಬಗ್ಗಿಸಿ ಹೆಸರಾದ. ಅವನಿಂದ ಕಲಿತು ನಾನೂ ಬಗ್ಗಲಾರದ 10 ಎಂ.ಎಂ. ತುಂಡೊಂದನ್ನು ಇಟ್ಟುಕೊಂಡಿದ್ದೇನೆ. ಹತ್ತು ಎಣಿಸುವಷ್ಟು ಹೊತ್ತು ಅದಕ್ಕೆ ಬಲ ಕೊಟ್ಟು ಕೆಳಗಿಡುತ್ತೇನೆ. ಕಂಬಿ ಹಾಗೇ ಇರುತ್ತದೆ, ಕೈ ಬದಲಾಗುತ್ತದೆ.

ನಮ್ಮ ಸೀಮೆಗೆ ಇದು ಪರಕೀಯ ವಿದ್ಯೆ ಎಂದು ನನಗೆ ಅನ್ನಿಸಿಲ್ಲ. ಮೈಸೂರು ಸೀಮೆಯ ಗರಡಿ ಮನೆಗಳಲ್ಲಿ ಗದೆ, ಕರೇಲ, ಗುಂಡುಕಲ್ಲು ಎಲ್ಲ ಇದ್ದವು. ಈಗ ಮಕ್ಕಳು ಶಾಲೆಯ ವಾರ್ಷಿಕೋತ್ಸವದಲ್ಲಿ ಝಣಝಣ ಆಡಿಸುವ ಲೇಜಿಮು ಮೂಲದಲ್ಲಿ ಕಬ್ಬಿಣದ ಸರಪಳಿ ಕಟ್ಟಿದ ಬಿಲ್ಲು, ಬಿಲ್ಲುಗಾರರು ತೋಳು ಪಳಗಿಸಿಕೊಳ್ಳುತ್ತಿದ್ದ ಸಾಮಗ್ರಿ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿ ಒಂದು ತಲೆಮಾರಿನ ಯುವಕರ ಮೈ ಕಟ್ಟಿದ ಕೆ.ವಿ. ಅಯ್ಯರ್ ಅವರೇ ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿ ಬರೆದವರು. ಮೈಯನ್ನು ಅಷ್ಟು ಬಲ್ಲವರು ಶಿಲ್ಪದ, ನಾಟ್ಯದ ಕಡೆ ಒಲಿದದ್ದು ನನಗೆ ತೀರಾ ಸಹಜವಾಗಿ ಕಾಣುತ್ತದೆ. ಎರಡರಲ್ಲೂ ಗೆರೆಯ ಬಾಗು ತಿಳಿದಿರಬೇಕು.

ಆ ಕಾದಂಬರಿಯ ಹೊಯ್ಸಳ ರಾಣಿ ಶಾಂತಲೆ ತೀರಿಕೊಂಡು ನೂರು ವರ್ಷದ ಮೇಲೆ, 1234ರಲ್ಲಿ, ಎರಡನೇ ನರಸಿಂಹನ ಕಾಲದಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ ಮಲ್ಲಿಕಾರ್ಜುನ ದೇವಸ್ಥಾನ ನಮ್ಮೂರಲ್ಲೇ ಇದೆ. ಅದರ ಹೊರಗೋಡೆಯಲ್ಲಿ ರಾವಣ ಕೈಲಾಸ ಎತ್ತುತ್ತಿದ್ದಾನೆ. ಅರ್ಜುನ ಮೀನಿಗೆ ಗುರಿಯಿಟ್ಟಿದ್ದಾನೆ, ದ್ರೌಪದಿ ಹಾರ ಹಿಡಿದು ಅವನತ್ತ ಧಾವಿಸುತ್ತಿದ್ದಾಳೆ. ಚಿಕ್ಕಂದಿನಿಂದ ಆ ಶಿಲ್ಪ ನೋಡುತ್ತಿದ್ದರೂ ನನ್ನ ಕಣ್ಣು ಮೀನಿನ ಮೇಲೆ ಇರುತ್ತಿತ್ತು. ಈಗ ಬಿಲ್ಲಿನ ಮೇಲೆ ನಿಲ್ಲುತ್ತದೆ. ಆ ಸ್ವಯಂವರದಲ್ಲಿ ರಾಜರುಗಳು ಸೋತದ್ದು ಗುರಿ ತಪ್ಪಿ ಮಾತ್ರವಲ್ಲ, ಹಲವರಿಗೆ ಬಿಲ್ಲು ಬಗ್ಗಿಸಿ ಹೆದೆಯೇರಿಸಲೇ ಆಗಲಿಲ್ಲ. ಬಗ್ಗಿಸುವುದು ಮುಗಿದ ಮೇಲಲ್ಲವೇ ಗುರಿಯ ಮಾತು.

ಅಮೆರಿಕದಲ್ಲಿ ‘ರೆಡ್ ನೇಲ್’ ಎಂಬ ಸರಳಿದೆ. ಏಳಿಂಚು ಉದ್ದ, ಹತ್ತಿರಹತ್ತಿರ 8 ಎಂ.ಎಂ. ದಪ್ಪ, ತಣ್ಣಗೆ ಉರುಳಿಸಿ ಬಿಗಿ ಮಾಡಿದ ಉಕ್ಕು. ಒಂದು ನಿಮಿಷದೊಳಗೆ ಅದನ್ನು ಎರಡಿಂಚಿನ ಅಂತರಕ್ಕೆ ಮಡಿಚಿದವರನ್ನು ಈ ವಿದ್ಯೆಯವರು ಪಳಗಿದವರೆಂದು ಒಪ್ಪುತ್ತಾರೆ. ಕಳೆದ ಯುಗಾದಿಗೆ ನಾನು ಅದೇ ಅಳತೆಯ ನುಣ್ಣನೆ ಕಂಬಿಯನ್ನು ಮಡಿಚಿದೆ. ಅದು ಮೆದು ಉಕ್ಕು, ರೆಡ್ ನೇಲ್ ಇನ್ನೂ ದೂರ. ಮಡಿಚಿದ ತುಂಡನ್ನು ಮೊದಲು ಮೇಸ್ತ್ರಿಯ ಕೈಗೆ ಕೊಟ್ಟೆ. ಅವರು ತಿರುವಿನ ಮೇಲೆ ಹೆಬ್ಬೆರಳಿಟ್ಟು, ‘ಇನ್ನೂ ಬಿಸಿ ಅದೆ’ ಎಂದರು. ಅಷ್ಟೇ.

ಶುರು ಮಾಡುವ ಮನಸ್ಸಿದ್ದವರಿಗೆ ಎರಡು ಮಾತು. ಹೈಟೆನ್ಸಿಲ್ ಬೋಲ್ಟು, ಅರದ ತುಂಡು, ಸ್ಪ್ರಿಂಗು ಪಟ್ಟಿ ಇವನ್ನು ಮುಟ್ಟಬೇಡಿ. ಅವು ಬಗ್ಗುವ ಬದಲು ಸಿಡಿಯಬಹುದು. ಯಾವ ಕಂಬಿಯಾದರೂ ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಹಿಡಿಯಿರಿ. ರಕ್ತದೊತ್ತಡ ಇರುವವರು, ಹರ್ನಿಯಾ ಇರುವವರು ಡಾಕ್ಟರನ್ನು ಕೇಳದೆ ಉಸಿರು ಕಟ್ಟಿ ಬಲ ಹಾಕಬಾರದು.

ಮುಕ್ಕಾಲಡಿಗೆ ಕತ್ತರಿಸಿ, ತುದಿಯ ಚೂಪು ಅರದಿಂದ ಉಜ್ಜಿದ 6 ಎಂ.ಎಂ. ತುಂಡುಗಳ ಒಂದು ಕಟ್ಟನ್ನು ಗಲ್ಲಾಪೆಟ್ಟಿಗೆಯ ಹಿಂದೆ ಎತ್ತಿಟ್ಟಿದ್ದೇನೆ. ದೇವಸ್ಥಾನ ನೋಡಲು ಬಸರಾಳಿಗೆ ಬಂದವರು ಅಂಗಡಿಗೂ ಬನ್ನಿ. ಚರ್ಮ ನಾನು ಕೊಡುತ್ತೇನೆ, ತುಂಡಿಗೆ ದುಡ್ಡು ಬೇಡ.