ಸೀತಾಳೆದಂಡೆ ಮತ್ತು ಸಿಳ್ಳಾರ

ಗೋದಾವರಿ ಹುಟ್ಟುವ ತ್ರ್ಯಂಬಕದ ಬ್ರಹ್ಮಗಿರಿಯ ತಪ್ಪಲಿನಲ್ಲಿ, ಒಂದು ಜೂನ್ ತಿಂಗಳ ಮುಂಜಾನೆ, ಬಾಲ್ಯದ ಇಬ್ಬರು ಪರಿಚಿತರು ನನಗೆ ಒಟ್ಟಿಗೇ ಎದುರಾದರು. ಮಾವಿನ ಕೊಂಬೆಯಿಂದ ನರಿಯ ಬಾಲದಂತೆ ಇಳಿಬಿದ್ದ, ಬಿಳಿಯ ಮೇಲೆ ತಿಳಿನೇರಳೆ ಚುಕ್ಕೆಗಳ ಆರ್ಕಿಡ್ ಹೂಗೊಂಚಲು ಒಂದು. ಹಳ್ಳದ ಬಂಡೆಗಳ ನಡುವೆ, ಮೈಮರೆತು ನಡೆಯುವ ಹುಡುಗನಂತೆ ಸಿಳ್ಳೆ ಹಾಕುತ್ತಿದ್ದ ಮಲಬಾರ್ ಸಿಳ್ಳಾರ ಇನ್ನೊಂದು. ಮಲೆನಾಡಿನವರಾದ ನನ್ನ ತಾಯಿ ಆ ಹೂವನ್ನು ಸೀತಾಳೆದಂಡೆ ಎನ್ನುತ್ತಿದ್ದರು. ಮರಾಠಿಯಲ್ಲಿ ಅದು 'ಸೀತೇಚಿ ವೇಣಿ'. ಸೀತೆಯ ಪಂಚವಟಿ ನಾಸಿಕದಲ್ಲೇ ಇದೆಯಲ್ಲವೆ?

ಜೊತೆಗಿದ್ದವನು ನಾಸಿಕದಲ್ಲೇ ಹುಟ್ಟಿ ಬೆಳೆದ ನನ್ನ ತಂಗಿಯ ಮಗ. ನಾನು ಕನ್ನಡದಲ್ಲಿ ಹೆಸರು ಹೇಳಿದೆ. ಅವನು ಮರಾಠಿಯಲ್ಲಿ ಉತ್ತರಿಸಿದ. ಕನ್ನಡ ಅವನಿಗೆ ತಿಳಿಯುತ್ತದೆ, ನಾಲಗೆಗೆ ಬರುವುದಿಲ್ಲ.

ಹೂವು ನಿಂತಲ್ಲೇ ನಿಲ್ಲುವುದು, ಹಕ್ಕಿ ಹಾರಿಹೋಗುವುದು. ಆದರೂ ಎರಡರ ಬಾಳಿಗೂ ಒಂದು ಸಾಮ್ಯವುಂಟು. ಆರ್ಕಿಡ್ಡಿನ ಬೀಜ ಧೂಳಿನಷ್ಟು ಸಣ್ಣದು; ಅದರೊಳಗೆ ಬುತ್ತಿಯಿಲ್ಲ. ಕಾಡಿನಲ್ಲಿ ತಕ್ಕ ಶಿಲೀಂಧ್ರವೊಂದು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆಂದು ಫ್ರಾನ್ಸಿನ ನೋಯೆಲ್ ಬೆರ್ನಾರ್ 1899ರಲ್ಲಿ ಕಂಡುಕೊಂಡರು. ಹಾಡುಹಕ್ಕಿಯ ಮರಿಗೆ ಹುಟ್ಟಿನಿಂದ ಕೊರಳು ದೊರೆಯುತ್ತದೆ, ಪೂರ್ಣವಾದ ಹಾಡು ದೊರೆಯುವುದಿಲ್ಲ. 1950ರ ದಶಕದಲ್ಲಿ ಕೇಂಬ್ರಿಜ್ಜಿನ ವಿಲಿಯಂ ಥೋರ್ಪ್, ಚಾಫಿಂಚ್ ಮರಿಗಳನ್ನು ಹಿರಿಯ ಹಕ್ಕಿಗಳ ದನಿ ಕೇಳಿಸದಂತೆ ಬೆಳೆಸಿದಾಗ, ಅವು ಮೊಟಕಾದ ಹಾಡನ್ನಷ್ಟೇ ಹಾಡಿದವು.

ಮರುದಿನ ಛತ್ರಪತಿ ಸಂಭಾಜಿನಗರದ ಸಮೀಪದ ಎಲ್ಲೋರಕ್ಕೆ ಹೋದೆವು. ಕೈಲಾಸ ದೇಗುಲದ ಮುಂದೆ ನನ್ನೊಳಗಿನ ಪ್ರಾಧ್ಯಾಪಕ ಎಚ್ಚರಗೊಂಡ. ಎಂಟನೆಯ ಶತಮಾನದ ರಾಷ್ಟ್ರಕೂಟ ಒಂದನೆಯ ಕೃಷ್ಣ, ಮುಂದಿನ ಶತಮಾನದ 'ಕವಿರಾಜಮಾರ್ಗ', ಅದು ಕನ್ನಡನಾಡಿಗೆ ಹೇಳಿದ ಕಾವೇರಿ-ಗೋದಾವರಿಗಳ ಎಲ್ಲೆ - ಎಲ್ಲವನ್ನೂ ವಿವರಿಸಿದೆ. ಹುಡುಗ ವಿನಯದಿಂದ ಕೇಳಿದ. ನಾನು ವಿವರಿಸುತ್ತಿದ್ದುದು ಇಂಗ್ಲಿಷಿನಲ್ಲಿ ಎಂಬುದು ಮಾತು ಮುಗಿದ ಮೇಲೆ ಹೊಳೆಯಿತು. ದೂರವಾಣಿಯಲ್ಲಿಯೂ, ಅನುಕೂಲಕ್ಕೆಂದು, ಹನ್ನೆರಡು ವರ್ಷ ಹಾಗೆಯೇ ಮಾತನಾಡಿದ್ದೆ. ತರಗತಿಗಳಲ್ಲಿ ಕನ್ನಡದ ಅಳಿವು-ಉಳಿವನ್ನು ಕುರಿತು ಉಪನ್ಯಾಸ ಮಾಡಿದವನು, ಮನೆಯ ಮಗುವಿನ ಕಿವಿಗೆ ಅದನ್ನು ಹಾಕಿರಲಿಲ್ಲ. ಬಂಡೆಯಲ್ಲಿ ಕಡೆದ ಹಿರಿಮೆ ಬೀಜವನ್ನು ಉಣಿಸಲಾರದು.

ಮರಳುವಾಗ ಅವನೇ ಹೂವಿನ ಹೆಸರನ್ನು ಮತ್ತೆ ಕೇಳಿದ. ಈ ಬಾರಿ ವಿವರಣೆ ಕೊಡಲಿಲ್ಲ; ಹೆಸರನ್ನಷ್ಟೇ ಹೇಳಿದೆ. "ಸೀತಾಳೆದಂಡೆ" ಎಂದ. ಮರಾಠಿಯಲ್ಲೂ ಳಕಾರವುಂಟು, ಅವನ ನಾಲಗೆ ಎಲ್ಲೂ ತೊಡರಲಿಲ್ಲ.